ಕಿಚನ್ ಸ್ಕೇಲ್ ತಂದಾಯ್ತು, ಈಗ ಯಾವುದನ್ನ ತೂಗೋದು?

ಒಗ್ಗರಣೆ ಸೌಟು (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ದಿನಕ್ಕೆ 1500 ಕ್ಯಾಲೊರಿ ಒಳಗೆ ಇರಿ ಅಂತ ಡಯಟೀಷಿಯನ್ ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಅನ್ನ 1 ಕಪ್, ಸಾಂಬಾರ್ 1 ಕಪ್, ಪಲ್ಯ ಅರ್ಧ ಕಪ್. ನಮ್ಮನೇಲಿ ಕಪ್ ಅಂದ್ರೆ ಕಾಫಿ ಕುಡಿಯೋದು, ಅದರಲ್ಲೂ ನಾಲ್ಕು ಸೈಜಿದೆ. ಈ ರಗಳೆಯೇ ಬೇಡ ಅಂತ 5 ಕೆಜಿ ತೂಗೋ, ಒಂದೊಂದು ಗ್ರಾಂ ತೋರಿಸೋ ಸ್ಕೇಲ್ ತರಿಸಿದೆ.

ತರಿಸಿದ ಮೇಲೆ ತಲೆನೋವು ಶುರು. ಮನೇಲಿ ಆರು ಜನ. ಒಂದೇ ಕುಕ್ಕರ್ ಅನ್ನ, ಒಂದೇ ಪಾತ್ರೆ ಹುಳಿ. ಯೂಟ್ಯೂಬಿನವರು ತಟ್ಟೆ ಮೇಲೆ ಒಂದು ಪೀಸ್ ಚಿಕನ್, ನಾಲ್ಕು ಬ್ರಾಕೊಲಿ ಇಟ್ಟು ತೂಗಿ ಮುಗಿಸ್ತಾರೆ. ಹುಳಿಯೊಳಗಿನ ಬೇಳೆ, ಕಾಯಿ, ಎಣ್ಣೆ ಬೇರೆ ಬೇರೆ ಮಾಡಿ ತೂಗಕ್ಕಾಗತ್ತಾ? ಆಪ್‌ನಲ್ಲಿ "ಸಾಂಬಾರ್" ಅಂತ ಹುಡುಕಿದ್ರೆ ಹತ್ತಾರು ಬರತ್ತೆ, ಒಂದರಲ್ಲಿ ಇರೋದರ ಎರಡರಷ್ಟು ಇನ್ನೊಂದರಲ್ಲಿ. ಮನೆಮಂದಿಗೆಲ್ಲ ಒಟ್ಟಿಗೆ ಅಡುಗೆ ಮಾಡ್ತಾ ಇದನ್ನ ನಿಭಾಯಿಸ್ತಿರೋರು ಯಾರಾದ್ರೂ ಇದ್ದೀರಾ?

ಸುಮ್ನೆ ಓದೋನು
ಆಪ್‌ನಲ್ಲಿರೋ ಸಾಂಬಾರ್ ಎಲ್ಲ ಯಾರ್ಯಾರೋ ತುಂಬಿಸಿದ್ದು. ಒಬ್ಬರ ಮನೇದು ತಿಳಿಸಾರು, ಇನ್ನೊಬ್ಬರದು ಕಾಯಿ ರುಬ್ಬಿದ ಕೂಟು. ಅದನ್ನ ನಂಬೋ ಬದಲು ಅಂದಾಜೇ ವಾಸಿ.

ಲೆಕ್ಕದ ಮೇಷ್ಟ್ರು (ತುಮಕೂರು)
ಒಗ್ಗರಣೆ ಸೌಟು ಅವರೇ, ಎಲ್ಲವನ್ನೂ ತೂಗಕ್ಕೆ ಹೋಗಬೇಡಿ, ಹದಿನೈದು ದಿನಕ್ಕೆ ಸ್ಕೇಲ್ ಅಟ್ಟ ಸೇರತ್ತೆ. ನಮ್ಮ ಅಡುಗೆಯಲ್ಲಿ ಕ್ಯಾಲೊರಿ ಕೂತಿರೋದು ನಾಲ್ಕೈದು ಸಾಮಾನಿನಲ್ಲಿ: ಎಣ್ಣೆ ತುಪ್ಪ, ತೆಂಗಿನಕಾಯಿ, ಕಡಲೆಕಾಯಿ ಬೀಜ, ಬೆಲ್ಲ ಸಕ್ಕರೆ, ಆಮೇಲೆ ಅಕ್ಕಿ, ಹಿಟ್ಟು, ಬೇಳೆ. ಎಣ್ಣೆ ಒಂದು ಗ್ರಾಂಗೆ 9 ಕ್ಯಾಲೊರಿ. ಅಕ್ಕಿ, ಹಿಟ್ಟು, ಬೇಳೆ ಗ್ರಾಂಗೆ ಮೂರೂವರೆ ಆಸುಪಾಸು. ಹುರುಳಿಕಾಯಿ, ಸೊಪ್ಪು, ಸೋರೆಕಾಯಿ 100 ಗ್ರಾಂ ತಿಂದರೂ ಹೆಚ್ಚಂದ್ರೆ ನಲವತ್ತು. ಹುರುಳಿಕಾಯಿ 50 ಗ್ರಾಂ ಹೆಚ್ಚುಕಮ್ಮಿ ಆದರೆ ಲೆಕ್ಕ ಎಲ್ಲೂ ಕೆಡಲ್ಲ. ಎಣ್ಣೆ 10 ಗ್ರಾಂ ಜಾಸ್ತಿ ಬಿದ್ದರೆ 90 ಏರಿತು ಅಂತಲೇ. ಹಾಗಾಗಿ ಎಣ್ಣೆಗೆ ಗ್ರಾಂ ಲೆಕ್ಕ, ಅಕ್ಕಿಗೆ ಹತ್ತು ಗ್ರಾಂ ಲೆಕ್ಕ, ಸೊಪ್ಪಿಗೆ ಲೆಕ್ಕವೇ ಬೇಡ.

ಎರಡನೇದು, ಒಲೆ ಮೇಲೆ ಏರೋ ಮುಂಚೆ ತೂಗಿ. ಹುಳಿದೇ ಲೆಕ್ಕ ತಗೊಳ್ಳಿ, ನಮ್ಮನೇದು ಹೇಳ್ತೀನಿ. ತೊಗರಿಬೇಳೆ 150 ಗ್ರಾಂ, ಸುಮಾರು 500 ಕ್ಯಾಲೊರಿ. ತರಕಾರಿ 300 ಗ್ರಾಂ, 80. ಕಾಯಿತುರಿ 50 ಗ್ರಾಂ, 185. ಒಗ್ಗರಣೆಗೂ ಮಸಾಲೆ ಹುರಿಯಕ್ಕೂ ಸೇರಿ ಎಣ್ಣೆ 20 ಗ್ರಾಂ, 180. ಬೆಲ್ಲ ಒಂದು ಚೂರು, 40. ಒಟ್ಟು ಸಾವಿರದ ಹತ್ತಿರ. ಹುಳಿ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆ ತೂಕ ಕಳೆಯಿರಿ. 1400 ಗ್ರಾಂ ಬಂತು ಅನ್ನಿ, 100 ಗ್ರಾಂ ಹುಳಿಗೆ 70 ಕ್ಯಾಲೊರಿ. ಬಡಿಸೋ ಸೌಟು ತಲೆ ಮಟ್ಟಕ್ಕೆ ತುಂಬಿದರೆ ಎಷ್ಟು ಗ್ರಾಂ ಅಂತ ಒಂದು ಸಲ ನೋಡಿಟ್ಟುಕೊಳ್ಳಿ. ನಮ್ಮದು 90 ಗ್ರಾಂ. ಅಲ್ಲಿಗೆ ಎರಡು ಸೌಟು ಹುಳಿ ಅಂದ್ರೆ 125, 130. ಊಟದ ಹೊತ್ತಿಗೆ ಸ್ಕೇಲ್ ಮುಟ್ಟೋದೇ ಬೇಕಿಲ್ಲ, ಸೌಟು ಎಣಿಸಿದರೆ ಸಾಕು. ಉಳಿದ ಐದು ಜನಕ್ಕೆ ನೀವು ಲೆಕ್ಕ ಹಾಕ್ತಿದ್ದೀರಿ ಅಂತ ಗೊತ್ತೂ ಆಗಲ್ಲ.

ದಿನ ಬಳಸೋ ನಾಲ್ಕೈದು ಪಾತ್ರೆಗಳ ಖಾಲಿ ತೂಕ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಬಿಸಿ ಪಾತ್ರೆ ನೇರ ಸ್ಕೇಲ್ ಮೇಲೆ ಇಡಬೇಡಿ. ಸಿಂಬಿ ಇಟ್ಟು, ಟೇರ್ ಒತ್ತಿ ಸೊನ್ನೆ ಮಾಡಿ, ಆಮೇಲೆ ಪಾತ್ರೆ ಇಡಿ.

ಒಗ್ಗರಣೆ ಸೌಟು
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆದ್ರೆ ಎಣ್ಣೆ ತೂಗೋದು ಹೇಗೆ? ಕಾದ ಬಾಣಲೆ ಸ್ಕೇಲ್ ಮೇಲೆ ಇಡಕ್ಕಾಗಲ್ಲ. ಬಟ್ಟಲಿಗೆ ಹಾಕಿ ತೂಗಿ ಸುರಿದ್ರೆ ಅರ್ಧ ಬಟ್ಟಲಿಗೇ ಅಂಟ್ಕೊಳತ್ತೆ.

ಡಬ್ಬಿ ಅಮ್ಮ (ಶಿವಮೊಗ್ಗ)
ಎಣ್ಣೆ ಬಾಟ್ಲನ್ನೇ ತೂಗಿ. ಬಾಟ್ಲು ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ತೆಗೆದು ಬಾಣಲೆಗೆ ಹಾಕಿ, ವಾಪಸ್ ಇಡಿ. ಮೈನಸ್ 12 ಅಂತ ತೋರಿಸಿದ್ರೆ 12 ಗ್ರಾಂ ಹೋಯ್ತು ಅಂತ. ತುಪ್ಪದ ಡಬ್ಬಿ, ಬೆಣ್ಣೆ, ಕಡಲೆಕಾಯಿ ಬೀಜ ಎಲ್ಲಕ್ಕೂ ಇದೇ. ಒಂದು ಪಾತ್ರೆನೂ ಹೆಚ್ಚಿಗೆ ತೊಳೆಯೋದಿಲ್ಲ.

ಟೀ ಚಮಚ ಎಣ್ಣೆ ಅಂದ್ರೆ ನಾಲ್ಕೂವರೆ ಗ್ರಾಂ ಅಂತ ಎಲ್ಲ ಕಡೆ ಬರೆದಿರತ್ತೆ. ಆದ್ರೆ ಸಾಸಿವೆ ಡಬ್ಬಿ ಪಕ್ಕ ಇರೋ ನಮ್ಮ ಗುಂಡಿ ಚಮಚದಲ್ಲಿ 11 ಗ್ರಾಂ ಹಿಡಿಯತ್ತೆ! ನಿಮ್ಮನೆ ಚಮಚಾನೂ ಒಂದ್ಸಲ ನೋಡ್ಕೊಳ್ಳಿ.

ಧಾರವಾಡದಾಂವ
ನಮ್ಮ ಕಡೆ ರೊಟ್ಟಿ ತೂಗತೀನಿ ಅಂದ್ರ ನಗತಾರ್ರಿ. ಆದ್ರೂ ಒಂದು ಡೌಟ್ ಐತಿ. ಬಡದ ಬಿಸಿ ರೊಟ್ಟಿ ಒಂದು ತೂಕ ತೋರಸ್ತದ, ಅದನ್ನ ಒಣಗಿಸಿ ಖಡಕ್ ಮಾಡಿದ್ರ ತೂಕ ಭಾಳ ಕಮ್ಮಿ. ಹಂಗಂದ್ರ ಖಡಕ್ ರೊಟ್ಟಿ ತಿಂದ್ರ ಕ್ಯಾಲೊರಿ ಕಮ್ಮಿ ಏನ್ರಿ? ನಮ್ಮ ಕಾಕಾರು ಇದನ್ನ ನಂಬಿ ಒಂದರ ಬದಲಿ ಎರಡೆರಡು ಮುರದ ತಿನ್ನಾಕತ್ಯಾರ.

ಲೆಕ್ಕದ ಮೇಷ್ಟ್ರು
ಕಾಕಾರನ್ನ ನಿಲ್ಲಿಸ್ರಿ! ಹಾರಿಹೋಗಿರೋದು ನೀರು ಮಾತ್ರ, ಹಿಟ್ಟು ಹಾಗೇ ಇದೆ. ಒಂದು ರೊಟ್ಟಿಗೆ 55 ಗ್ರಾಂ ಜೋಳದ ಹಿಟ್ಟು ಹಿಡಿದರೆ ಬಿಸಿ ಇದ್ದಾಗಲೂ 180, ಖಡಕ್ ಆದ ಮೇಲೂ 180. ತೂಗಿದ 100 ಗ್ರಾಂ ಲೆಕ್ಕ ತಗೊಂಡರೆ ಖಡಕ್ ರೊಟ್ಟಿಯಲ್ಲೇ ಜಾಸ್ತಿ. ಒಣ ಹಿಟ್ಟು ತೂಗಿ, ಎಷ್ಟು ರೊಟ್ಟಿ ಆಯ್ತೋ ಅಷ್ಟರಿಂದ ಭಾಗಿಸಿ.

ಧಾರವಾಡದಾಂವ
ಕಾಕಾರಿಗೆ ತೋರಿಸಿದೆ. "ಮೇಷ್ಟ್ರಿಗೆ ಶೇಂಗಾ ಚಟ್ನಿ ಲೆಕ್ಕಾನೂ ಕೇಳು" ಅಂದ್ರು, ಸಿಟ್ಟಿನಾಗ.

ಲೆಕ್ಕದ ಮೇಷ್ಟ್ರು
ಶೇಂಗಾ 100 ಗ್ರಾಂಗೆ 550 ಹತ್ತಿರ. ಊಟದ ಚಮಚದಲ್ಲಿ ಗೋಪುರ ಕಟ್ಟಿ ಚಟ್ನಿಪುಡಿ ಹಾಕಿಕೊಂಡರೆ 15 ಗ್ರಾಂ, 75-80 ಕ್ಯಾಲೊರಿ. ಮೇಲೆ ಎಣ್ಣೆ ಬಿಟ್ಟುಕೊಂಡರೆ ಪುಡಿಗಿಂತ ಎಣ್ಣೆದೇ ಹೆಚ್ಚಾಗತ್ತೆ. ಕೆನೆಮೊಸರು ಹಚ್ಚಿಕೊಂಡರೆ ಅಷ್ಟಾಗಲ್ಲ ಅಂತ ಹೇಳಿ, ಸಿಟ್ಟು ಇಳಿದೀತು.

ಕುಚ್ಚಲಕ್ಕಿ ಗಂಜಿ (ಉಡುಪಿ)
ಇದೇ ವಿಷಯ ನಮ್ಮಲ್ಲಿ ಉಲ್ಟಾ ಉಂಟು ಮಾರಾಯ್ರೆ. ಗಂಜಿ ಒಂದು ಬಟ್ಟಲು ತೂಗಿದರೆ 400 ಗ್ರಾಂ ತೋರಿಸ್ತದೆ. ಆಪ್‌ನಲ್ಲಿ "ಅನ್ನ 400 ಗ್ರಾಂ" ಅಂತ ಹಾಕಿದರೆ 500 ಕ್ಯಾಲೊರಿ! ಅದರಲ್ಲಿ ಅಕ್ಕಿ ಇದ್ದದ್ದು ಒಂದು ಮುಷ್ಟಿ, ಉಳಿದದ್ದು ತಿಳಿ. ಈಗ ಅಕ್ಕಿ ಹಾಕುವಾಗಲೇ ತೂಗುವುದು, ತಲೆಗೆ 60 ಗ್ರಾಂ. ಕುಚ್ಚಲಕ್ಕಿಯೂ ಹಸಿದರಲ್ಲಿ 100 ಗ್ರಾಂಗೆ 350ರ ಆಸುಪಾಸೇ, ಬೆಳ್ತಿಗೆಗೂ ಅದಕ್ಕೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಎಂತದೂ ಇಲ್ಲ. "ಕುಚ್ಚಲಕ್ಕಿ ಎಷ್ಟು ತಿಂದರೂ ತೂಕ ಏರುವುದಿಲ್ಲ" ಅಂತ ಹೇಳುವವರು ನಮ್ಮ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಕ್ಕಿ ಅಕ್ಕಿಯೇ.

ನನಗೆ ಕಣ್ಣು ತೆರೆಸಿದ್ದು ತೆಂಗಿನಕಾಯಿ. ದೊಡ್ಡ ಕಾಯಿಯ ಒಂದು ಕಡಿ ತುರಿದು ತೂಗಿ ನೋಡಿ, 130-140 ಗ್ರಾಂ ಬರ್ತದೆ. ಸರಾಸರಿ 500 ಕ್ಯಾಲೊರಿ. ಬೆಳಿಗ್ಗೆ ನೀರುದೋಸೆಗೆ ಚಟ್ನಿ, ಮಧ್ಯಾಹ್ನ ಗಸಿ, ಅದರ ಮೇಲೆ ಪಲ್ಯಕ್ಕೆ ಉದುರಿಸುವುದು. ನಾಲ್ಕು ಜನದ ಮನೆಯಲ್ಲಿ ದಿನಕ್ಕೆ ಒಂದು ಇಡೀ ಕಾಯಿ ಸಲೀಸಾಗಿ ಹೋಗ್ತದೆ, ತಲೆಗೆ 250. ಕಾಯಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಮನೆಯಿಂದ ಹೊರಗೆ ಹಾಕಿಯಾರು. ಪಲ್ಯಕ್ಕೆ ಉದುರಿಸುವುದನ್ನು ಮಾತ್ರ ನಿಲ್ಲಿಸಿದ್ದೇವೆ.

ಹ್ಯೂಸ್ಟನ್ ಕನ್ನಡತಿ
ಇಲ್ಲಿಂದ ಎರಡು ಮಾತು. ರೈಸ್ ಕುಕ್ಕರ್ ಜೊತೆ ಬರೋ ಪ್ಲಾಸ್ಟಿಕ್ ಕಪ್ 180 ಎಂಎಲ್ದು, ಅದು ಜಪಾನಿನ ಅಳತೆ. ಅಮೆರಿಕದ ಅಡುಗೆ ಕಪ್ 240 ಎಂಎಲ್. ಇಬ್ಬರೂ "ಒಂದು ಕಪ್ ಅಕ್ಕಿ" ಅಂತಾರೆ, ಮೂರಕ್ಕೆ ನಾಲ್ಕರ ವ್ಯತ್ಯಾಸ. ಸ್ಕೇಲ್ ಇದ್ದರೆ ಈ ಗೊಂದಲವೇ ಇರಲ್ಲ.

ಇನ್ನೊಂದು, ಸ್ಕೇಲಿನಲ್ಲಿ ಎಂಎಲ್ ಅಂತ ಒಂದು ಬಟನ್ ಇರತ್ತಲ್ಲ, ಅದನ್ನ ಎಣ್ಣೆಗೆ ಬಳಸಬೇಡಿ. ಅದು ಎಲ್ಲವನ್ನೂ ನೀರು ಅಂದುಕೊಂಡು ಲೆಕ್ಕ ಹಾಕತ್ತೆ. ಊರಲ್ಲಿ ಎಣ್ಣೆ ಪ್ಯಾಕೆಟ್ ಮೇಲೆ 1 ಲೀಟರ್, 910 ಗ್ರಾಂ ಅಂತ ಇರತ್ತೆ ನೋಡಿ, ಅಷ್ಟು ಹಗುರ ಎಣ್ಣೆ.

ಮಂಡ್ಯ ಮುದ್ದೆ
ನಮ್ಮಜ್ಜಿ ಪಾವಿನಲ್ಲಿ ಅಳೆದು ಅಡುಗೆ ಮಾಡ್ತಿದ್ರು ಕಣ್ರೀ, ತಲೆಗೆ ಅರ್ಧ ಪಾವು ಅಕ್ಕಿ. ನೆಂಟ್ರು ಬಂದ್ರೆ ಇನ್ನರ್ಧ ಪಾವು. ಅದೇನು ಪೋರ್ಷನ್ ಕಂಟ್ರೋಲ್ ಅಲ್ವಾ? ಅದಕ್ಕೆ ಬ್ಯಾಟರಿ ಬೇಕಿರ್ಲಿಲ್ಲ.

ಲೆಕ್ಕದ ಮೇಷ್ಟ್ರು
ಖಂಡಿತ ಹೌದು. ಆದರೆ ಅರ್ಧ ಪಾವು ಅಂದ್ರೆ ನೂರು ಗ್ರಾಂ ಅಕ್ಕಿ, 350 ಕ್ಯಾಲೊರಿ, ಒಂದೇ ಹೊತ್ತಿಗೆ. ಗದ್ದೆ ಕೆಲಸ ಮಾಡೋರಿಗೆ ಸರಿಹೋಗ್ತಿತ್ತು. ಅಜ್ಜಿ ಪಾವು ಇನ್ನೂ ಇದ್ದರೆ ತಲೆ ಸವರಿ ಒಂದು ಸಲ, ಗೋಪುರ ಬಿಟ್ಟು ಒಂದು ಸಲ ಅಕ್ಕಿ ತೂಗಿ ನೋಡಿ. ನಮ್ಮನೇದರಲ್ಲಿ 200 ಗ್ರಾಂ ಹತ್ತಿರ ಹಿಡಿಯತ್ತೆ, ಗೋಪುರಕ್ಕೆ ಇನ್ನೂ ಇಪ್ಪತ್ತು ಮೂವತ್ತು. ಆಮೇಲೆ ಪಾವಿನಲ್ಲೇ ಅಳೀರಿ, ಸ್ಕೇಲ್ ಬೇಡ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿತು. ದಿನಕ್ಕೆ 2000 ಕ್ಯಾಲೊರಿಯ ತಟ್ಟೆಗೆ ಅವರು ಕೊಟ್ಟಿರೋದು ಹೀಗೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ 400, ಹಣ್ಣು 100, ಬೀಜಗಳು 35, ಎಣ್ಣೆ ಕೊಬ್ಬು 27 ಗ್ರಾಂ, ಹಾಲು ಮೊಸರು 300 ಎಂಎಲ್. ಎಲ್ಲ ಹಸಿ ತೂಕ, ಬೇಯಿಸಿದ ಮೇಲಿನದಲ್ಲ. 250 ಗ್ರಾಂ ಅನ್ನ ಅಂತ ಓದಿಕೊಂಡು ಹಸಿದುಕೊಂಡು ಇರೋರನ್ನ ನೋಡಿದೀನಿ! ಬೆಂದ ಅನ್ನ ಅಕ್ಕಿಯ ಎರಡೂವರೆಯಿಂದ ಮೂರರಷ್ಟು ತೂಗತ್ತೆ.

ಮಂಡ್ಯ ಮುದ್ದೆ
ಅಂಗಾದ್ರೆ ಒಂದ್ ಮುದ್ದೆಗೆ?

ಲೆಕ್ಕದ ಮೇಷ್ಟ್ರು
ಹಿಟ್ಟು 80 ಗ್ರಾಂ ಹಾಕಿದರೆ 255. ನಿಮ್ಮ ಕಡೆ ಮುದ್ದೆಗೆ 80 ಸಾಲದು ಅಂತ ಗೊತ್ತು. 120 ಹಾಕಿದರೆ 385. ಹಿಟ್ಟು ತೂಗಿ, ತಿರುವಿದ ಮೇಲೆ ಮುದ್ದೆ ಎಣಿಸಿ, ಅಷ್ಟೇ.

ಸುಮ್ನೆ ಓದೋನು
ಹೋಟ್ಲಲ್ಲಿ ಮಸಾಲೆದೋಸೆ ತಿನ್ನೋವಾಗಲೂ ಸ್ಕೇಲ್ ಜೇಬಲ್ಲಿ ಇಟ್ಕೊಂಡು ಹೋಗ್ತೀರಾ?

ಡಬ್ಬಿ ಅಮ್ಮ
ಹೋಟ್ಲಲ್ಲಿ ಅಂದಾಜು ಮಾಡಕ್ಕೇ ಮನೇಲಿ ತೂಗೋದು ಕಣಪ್ಪ. ಮನೇಲಿ 80 ಗ್ರಾಂ ಹಿಟ್ಟಿನ ದೋಸೆ ಎಷ್ಟು ಅಗಲ ಬರತ್ತೆ ಅಂತ ಕಣ್ಣಿಗೆ ಕೂತ್ರೆ, ಹೋಟ್ಲು ದೋಸೆ ಅದರ ಎಷ್ಟರಷ್ಟು ಅಂತ ತಾನಾಗೇ ತಿಳಿಯತ್ತೆ. ಬೆಣ್ಣೆ ಮಾತ್ರ ಅವರಿಗೇ ಗೊತ್ತು.

ನಾನು ಸ್ಕೇಲ್ ತಂದಿದ್ದು ತೂಕ ಇಳಿಸಕ್ಕಲ್ಲ. ಮಗಳಿಗೆ ಟೈಪ್ 1 ಡಯಾಬಿಟಿಸ್. ಅವಳ ಊಟದಲ್ಲಿ ಕ್ಯಾಲೊರಿಗಿಂತ ಕಾರ್ಬೊಹೈಡ್ರೇಟ್ ಎಷ್ಟು ಗ್ರಾಂ ಅನ್ನೋದು ಮುಖ್ಯ, ಇನ್ಸುಲಿನ್ ಅದರ ಮೇಲೆ ನಿಂತಿರತ್ತೆ. ಬೆಂದ ಅನ್ನ 100 ಗ್ರಾಂನಲ್ಲಿ 28 ಗ್ರಾಂ ಆಸುಪಾಸು ಕಾರ್ಬ್. ಡಾಕ್ಟ್ರು 15 ಗ್ರಾಂ ಕಾರ್ಬ್‌ಗೆ 1 ಯೂನಿಟ್ ಇನ್ಸುಲಿನ್ ಅಂತ ಹೇಳಿದ್ರು ಅನ್ಕೊಳ್ಳಿ (ಇದು ಮಗುವಿಂದ ಮಗುವಿಗೆ ಬೇರೆ, ಒಂದೇ ಮಗುವಿಗೂ ಬೆಳಿಗ್ಗೆ ಬೇರೆ ರಾತ್ರಿ ಬೇರೆ ಇರಬಹುದು, ಡಾಕ್ಟ್ರೇ ಹೇಳಬೇಕು). 50 ಗ್ರಾಂ ಅನ್ನ ಹೆಚ್ಚುಕಮ್ಮಿ ಆದ್ರೆ ಒಂದು ಯೂನಿಟ್ ಹತ್ತಿರ ಹೆಚ್ಚುಕಮ್ಮಿ. ಜಾಸ್ತಿ ಇನ್ಸುಲಿನ್ ಬಿದ್ರೆ ಸ್ಕೂಲಲ್ಲಿ ಶುಗರ್ ಇಳಿದು ಮಗು ಬೆವರತ್ತೆ. ಅದಕ್ಕೇ ಡಬ್ಬಿಗೆ ಹಾಕೋ ಅನ್ನ ಬೆಂದ ಮೇಲೆ ತೂಗ್ತೀನಿ, ಮುಚ್ಚಳದ ಮೇಲೆ ಚೀಟಿ: "ಚಿತ್ರಾನ್ನ 160, ಕಾರ್ಬ್ 42". ಮೇಷ್ಟ್ರು ಹಸಿದನ್ನೇ ತೂಗಿ ಅಂದ್ರು, ನಮ್ಮಂಥೋರಿಗೆ ತಟ್ಟೆಗೆ ಬಿದ್ದದ್ದೇ ತೂಗಬೇಕು. ಅರ್ಧ ತಿಂದು ಬಿಟ್ರೆ ಉಳಿದದ್ದನ್ನೂ ತೂಗಬೇಕು.

ಲೆಕ್ಕದ ಮೇಷ್ಟ್ರು
ನೀವು ಹೇಳಿದ್ದು ಸರಿ ತಾಯಿ. ನಾನು ಹೇಳಿದ್ದು ತೂಕ ಇಳಿಸೋರ ಲೆಕ್ಕ, ಅಲ್ಲಿ ವಾರದ ಸರಾಸರಿ ಸರಿಯಿದ್ದರೆ ನಡೆಯತ್ತೆ. ಗ್ರಾಂಗೆ ಪ್ರೋಟೀನ್ 4, ಕಾರ್ಬ್ 4, ಕೊಬ್ಬು 9 ಕ್ಯಾಲೊರಿ ಅನ್ನೋ ಲೆಕ್ಕವೇ ಅಮೆರಿಕದ ವಿಲ್ಬರ್ ಅಟ್‌ವಾಟರ್ 19ನೇ ಶತಮಾನದ ಕೊನೆಯಲ್ಲಿ ಹಾಕಿಕೊಟ್ಟ ಸರಾಸರಿ. ಅದರ ಮೇಲೆ ಕೂತು "ಇವತ್ತು 1512 ಆಯ್ತು, 12 ಜಾಸ್ತಿ" ಅಂತ ಕೊರಗೋದರಲ್ಲಿ ಅರ್ಥವಿಲ್ಲ.

ಮಳೆಬಿಲ್ಲು
ಮಧ್ಯೆ ಮಾತಾಡ್ತಿದೀನಿ, ಬೇಜಾರಾಗಬೇಡಿ. ನಾನು ಸ್ಕೇಲನ್ನ ತಂಗಿ ಕೈಗೆ ಕೊಟ್ಟುಬಿಟ್ಟೆ. ದ್ರಾಕ್ಷಿನೂ ತೂಗ್ತಿದ್ದೆ. ಮದುವೆ ಮನೆ ಊಟಕ್ಕೆ ಹೋಗದಿರಕ್ಕೆ ನೆಪ ಹುಡುಕ್ತಿದ್ದೆ, ಅಲ್ಲಿ ತೂಗಕ್ಕಾಗಲ್ಲ ಅಂತ. ಡಾಕ್ಟ್ರೇ ಆರು ತಿಂಗಳು ಯಾವ ಲೆಕ್ಕವೂ ಬೇಡ ಅಂದ್ರು. ಹದಿಹರೆಯದ ಮಕ್ಕಳಿರೋ ಮನೇಲಿ ಅವರ ಮುಂದೆ ತಟ್ಟೆ ತೂಗಬೇಡಿ ದಯವಿಟ್ಟು. ಊಟದ ತಟ್ಟೆ ಮುಂದೆ ಕೂತಾಗ ಭಯ ಆಗ್ತಿದೆ ಅಂದ್ರೆ ಅದು ಡಯಟ್ ಅಲ್ಲ, ಯಾರ ಹತ್ರಾನಾದ್ರೂ ಹೇಳ್ಕೊಳ್ಳಿ.

ಡಬ್ಬಿ ಅಮ್ಮ
ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ನಮ್ಮನೇಲೂ ಮಗಳ ಕಣ್ಣೆದುರು ತೂಗಲ್ಲ, ಅಡುಗೆಮನೇಲೇ ಮುಗಿಸಿಬಿಡ್ತೀನಿ.

ಹುಣಸೆ ತೊಕ್ಕು (ಹಾಸನ)
ತಟ್ಟೆಗೂ ಬೇಡ, ಪಾತ್ರೆಗೂ ಬೇಡ ಅನ್ನೋರು ತಿಂಗಳ ಸಾಮಾನಿನ ಚೀಟಿ ನೋಡಿ. ನಾವು ನಾಲ್ಕು ಜನ, ತಿಂಗಳಿಗೆ 5 ಲೀಟರ್ ಎಣ್ಣೆ ತರ್ತಿದ್ವಿ. 5 ಲೀಟರ್ ಅಂದ್ರೆ 4550 ಗ್ರಾಂ, 30 ದಿನ, 4 ಜನ, ತಲೆಗೆ ದಿನಕ್ಕೆ 38 ಗ್ರಾಂ. ಮೇಷ್ಟ್ರು ಮೇಲೆ ಹೇಳಿದ 27 ಎಲ್ಲಿ, 38 ಎಲ್ಲಿ? ತುಪ್ಪ ಬೇರೆ. ಈಗ 5 ಲೀಟರ್ ಕ್ಯಾನ್ ನಿಲ್ಲಿಸಿ, ಒಂದೊಂದು ಲೀಟರಿನ ಮೂರು ಪ್ಯಾಕೆಟ್ ತರ್ತೀವಿ. ಕ್ಯಾನಿದ್ರೆ ಕೈ ಧಾರಾಳವಾಗತ್ತೆ. ಉಪ್ಪಿಗೂ ಅದೇ ಲೆಕ್ಕ. ಒಂದು ಕೆಜಿ ಪ್ಯಾಕೆಟ್ ನಾಲ್ಕು ಜನಕ್ಕೆ ತಿಂಗಳು ಬಂದ್ರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟತ್ತೆ. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂ ಒಳಗೆ ಅನ್ನತ್ತೆ. ಹಪ್ಪಳ, ಬೇಕರಿದು ಇನ್ನೂ ಸೇರಿಲ್ಲ.

ಕರಿದ ತಿಂಡಿಗೂ ಹೀಗೇ ಮಾಡಬಹುದು. ಬಾಣಲೆಗೆ ಹಾಕೋ ಎಣ್ಣೆ ಮೊದಲು ತೂಗಿ, ಪೂರಿ ಮುಗಿದು ಎಣ್ಣೆ ಆರಿದ ಮೇಲೆ ಮತ್ತೆ ತೂಗಿ. ಕಮ್ಮಿಯಾದದ್ದು ಎಲ್ಲರ ಹೊಟ್ಟೆಯಲ್ಲಿದೆ. ಒಂಚೂರು ಒಲೆ ಮೇಲೂ ಸಿಡಿದಿರತ್ತೆ ಅನ್ನಿ.

ಒಗ್ಗರಣೆ ಸೌಟು
ನಿಮ್ಮ ಲೆಕ್ಕ ನೋಡಿ ನಮ್ಮನೆ ಚೀಟಿ ತೆಗೆದೆ. ಹೇಳಲ್ಲ ಬಿಡಿ.

ಇನ್ನೊಂದು: ಸ್ಕೇಲ್ ಸರಿಯಾಗಿದೆಯಾ ಅಂತ ನೋಡೋದು ಹೇಗೆ? ತೂಕದ ಕಲ್ಲು ಮನೇಲಿಲ್ಲ.

ಲೆಕ್ಕದ ಮೇಷ್ಟ್ರು
ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ, ಒರೆಸಿ ಇಡಿ. ಹಾಲು ನೀರಿಗಿಂತ ಸ್ವಲ್ಪ ಭಾರ, ಪ್ಲಾಸ್ಟಿಕ್ ಸೇರಿ 515ರಿಂದ 520 ಗ್ರಾಂ ತೋರಿಸಬೇಕು. 490 ಅಥವಾ 550 ತೋರಿಸಿದರೆ ಬ್ಯಾಟರಿ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ವಾಪಸ್ ಕಳಿಸಿ. ಗಟ್ಟಿ, ಸಮತಟ್ಟಾದ ಕಲ್ಲಿನ ಮೇಲೆ ಇಡಿ, ಕೆಳಗೆ ಬಟ್ಟೆ ಹಾಸಬೇಡಿ. ತುಪ್ಪ ಹನಿಹನಿಯಾಗಿ ಬಿಟ್ಟರೆ ಕೆಲವು ಅಗ್ಗದ ಸ್ಕೇಲ್ ಅದನ್ನ ಗಮನಿಸೋದೇ ಇಲ್ಲ, ಸೊನ್ನೆಯಲ್ಲೇ ನಿಂತಿರತ್ತೆ. ಒಂದೇ ಸಲಕ್ಕೆ ಹಾಕಿ, ಇಲ್ಲ ಡಬ್ಬಿ ಅಮ್ಮ ಹೇಳಿದ ಮೈನಸ್ ದಾರಿ ಹಿಡೀರಿ.

ಒಗ್ಗರಣೆ ಸೌಟು
517 ತೋರಿಸ್ತು! ಕೊನೇ ಪ್ರಶ್ನೆ, ಮುಂದಿನ ವಾರ ಹಬ್ಬ. ಹೋಳಿಗೆ?

ಲೆಕ್ಕದ ಮೇಷ್ಟ್ರು
ಕಡಲೆಬೇಳೆ 250 ಗ್ರಾಂ, 820. ಬೆಲ್ಲ 250 ಗ್ರಾಂ, 890. ಕಣಕಕ್ಕೆ ಮೈದಾ 200 ಗ್ರಾಂ, 700. ಎಣ್ಣೆ ಕಲಸಕ್ಕೂ ಬೇಯಿಸಕ್ಕೂ 60 ಗ್ರಾಂ, 540. ಒಟ್ಟು 2950. ಇಪ್ಪತ್ತು ಹೋಳಿಗೆ ಮಾಡಿದರೆ ಒಂದಕ್ಕೆ 150 ಸಮೀಪ. ಮೇಲೆ ತುಪ್ಪ ಒಂದು ಚಮಚಕ್ಕೆ 45.

ಒಗ್ಗರಣೆ ಸೌಟು
ಅಷ್ಟೇ ಸಾಮಾನಲ್ಲಿ ನಮ್ಮತ್ತೆ ಹದಿನಾಲ್ಕು ಮಾಡ್ತಾರೆ.

ಲೆಕ್ಕದ ಮೇಷ್ಟ್ರು
ಹಾಗಾದ್ರೆ 210.